ಗುಂಡಿಗೆ ಸಿಗದ ಅಜ್ಜಿ ಜಿಂಕೆ
ನಿಮಗಿದು ಗೊತ್ತೆ? ನಮ್ಮ ಕಡವೆಯನ್ನು ಹೋಲುವ ಎಲ್ಕ್ ಉತ್ತರ ಅಮೆರಿಕದ ದೊಡ್ಡ ಜಿಂಕೆ. ಕೆನಡಾದ ಆಲ್ಬರ್ಟ ವಿಶ್ವವಿದ್ಯಾಲಯದ ವಿಜ್ಞಾನಿಗಳು 49 ಹೆಣ್ಣು ಎಲ್ಕ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಅವುಗಳ ಜಾಡು ಹಿಡಿದರು. 2017ರಲ್ಲಿ ಹೊರಬಂದ ಫಲಿತಾಂಶ ನಿಜಕ್ಕೂ ಬೆರಗಿನದು: 10 ವರ್ಷ ದಾಟಿದ ಹೆಣ್ಣು ಎಲ್ಕ್ ಬೇಟೆಗಾರರ ಕೈಗೆ ಸಿಗುವುದೇ ಅಪರೂಪ! ವಯಸ್ಸಾದಂತೆ ಅದು ಓಡಾಟ ತಗ್ಗಿಸುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದೂ ಕಡಿಮೆ. ರಸ್ತೆಯ ಹತ್ತಿರವಿದ್ದರೆ ದಟ್ಟ ಕಾಡು, ಕಡಿದಾದ ಇಳಿಜಾರುಗಳನ್ನೇ ಆರಿಸಿಕೊಳ್ಳುತ್ತದೆ. ಬಿಲ್ಲುಬಾಣದ ಬೇಟೆಯ ದಿನಗಳಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು. ಬಾಣ ಬಿಡುವವನು ತೀರಾ ಸಮೀಪಕ್ಕೆ ಬರಲೇಬೇಕಲ್ಲ, ಅಂಥ ಜಾಗದಲ್ಲಿ ಸದ್ದಿಲ್ಲದೆ ನುಸುಳುವುದು ಕಷ್ಟ. ಎಚ್ಚರಗೇಡಿಗಳು ಸತ್ತು ಜಾಣೆಯರು ಉಳಿದದ್ದಷ್ಟೇ ಇದಕ್ಕೆ ಕಾರಣವಲ್ಲ. ಒಂದೇ ಹೆಣ್ಣು ವರ್ಷದಿಂದ ವರ್ಷಕ್ಕೆ ತನ್ನ ನಡೆ ಬದಲಿಸಿಕೊಂಡದ್ದೂ ಕಂಡುಬಂದಿದೆ.