ಫ್ಯಾಕ್ಟರಿ ತೋಟಾ, ಮನೆಯಲ್ಲಿ ತುಂಬಿದ ತೋಟಾ: ಒಳಗಿನ ಮದ್ದು ಒಂದೇನಾ?

ಮೈಲಾಪೂರ್ (ಚೆನ್ನೈ): ಮೈಲಾಪೂರ್‌ನ ಶೂಟಿಂಗ್ ಕ್ರೀಡಾಪಟುವಾಗಲಿ, ಕೊಡಗಿನ ಕಾಫಿ ಬೆಳೆಗಾರರಾಗಲಿ, ಪರವಾನಗಿ ಇಲ್ಲದೆ ಮನೆಯಲ್ಲಿ ತೋಟಾ ತಯಾರಿಸುವಂತಿಲ್ಲ. ಆದರೆ ಅಮೆರಿಕದಲ್ಲಿ ಖಾಲಿ ತೋಟಾಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವುದು ಹಲವರ ಹವ್ಯಾಸ. ಹಾಗಾದರೆ ಕಾರ್ಖಾನೆಯವರು ಬಳಸುವ ಮದ್ದೂ ಅದೇನಾ? ಅಲ್ಲ.

ವ್ಯತ್ಯಾಸ ಎಲ್ಲಿದೆ?

ಮದ್ದು ಎಷ್ಟು ಬೇಗ ಉರಿಯುತ್ತದೆ ಎಂಬುದು ಒಂದು ಕಂತಿನಿಂದ ಇನ್ನೊಂದು ಕಂತಿಗೆ ತುಸು ಬದಲಾಗುತ್ತದೆ. ಕಾರ್ಖಾನೆಗೆ ಇದು ಸಮಸ್ಯೆಯಲ್ಲ. ಹೊಸ ಕಂತು ಬಂದಾಗಲೆಲ್ಲ ಒತ್ತಡ ಮತ್ತು ಗುಂಡಿನ ವೇಗವನ್ನು ಯಂತ್ರದಲ್ಲಿ ಅಳೆದು, ತುಂಬುವ ಪ್ರಮಾಣವನ್ನೇ ಬದಲಿಸುತ್ತಾರೆ.

ಮನೆಯಲ್ಲಿ ಆ ಯಂತ್ರ ಇರುವುದಿಲ್ಲ. ಹವ್ಯಾಸಿಗಳು ಕೈಪಿಡಿಯಲ್ಲಿ ಮುದ್ರಿಸಿದ ಪ್ರಮಾಣವನ್ನೇ ನಂಬಬೇಕು. ಹಾಗಾಗಿ ಡಬ್ಬಿಯಲ್ಲಿ ಮಾರುವ ಮದ್ದನ್ನು ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಉರಿಯುವಂತೆ ಮಿಶ್ರಣ ಮಾಡಿರುತ್ತಾರೆ. ಫ್ಯಾಕ್ಟರಿ ತೋಟಾ ಬಿಚ್ಚಿ, ಬಣ್ಣ, ಕಾಳಿನ ಆಕಾರ ನೋಡಿ 'ಇದು ಅದೇ ಮದ್ದು' ಎಂದುಕೊಂಡರೆ ಅಪಾಯ ಖಚಿತ.

ಕಪ್ಪು ಮದ್ದಿನ ಕಥೆಯೇ ಬೇರೆ

ಕೊಡಗು, ಮಲೆನಾಡಿನ ಹಳೆಯ ಕೋವಿಗಳಿಗೆ ನಳಿಕೆಯ ಬಾಯಿಂದ ತುಂಬುತ್ತಿದ್ದುದು ಕಪ್ಪು ಮದ್ದು. ಅದು ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣ. ಈಗಿನ ತೋಟಾಗಳಲ್ಲಿರುವುದು ನೈಟ್ರೊಸೆಲ್ಯುಲೋಸ್‌ನಿಂದ ಮಾಡಿದ ಹೊಗೆರಹಿತ ಮದ್ದು. 1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೇ ಇದನ್ನು ರೂಪಿಸಿದರು. 1889ರಲ್ಲಿ ಬ್ರಿಟನ್ 'ಕಾರ್ಡೈಟ್' ತಂದಿತು. ನೀಲಗಿರಿಯ ಅರುವಂಕಾಡು ಕಾರ್ಖಾನೆಗೆ ಆ ಹೆಸರೇ ಉಳಿದಿದೆ. ಅದು ಈಗ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ.

ಹೊಗೆರಹಿತ ಮದ್ದು ಉಂಟುಮಾಡುವ ಒತ್ತಡ ಕಪ್ಪು ಮದ್ದಿಗಿಂತ ಬಹಳ ಹೆಚ್ಚು. ತೋಟಾದಿಂದ ತೆಗೆದ ಮದ್ದನ್ನು ಅಜ್ಜನ ಕಾಲದ ಕೋವಿಗೆ ಸುರಿದರೆ ನಳಿಕೆಯೇ ಸಿಡಿಯಬಹುದು. ಕೋವಿ ಹಿಡಿದವರ ಬೆರಳು, ಕಣ್ಣು, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಕಡ್ಡಾಯ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆಯಿದೆ.

ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿನಾಯಿತಿ ನೀಡಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಸುವುದಕ್ಕಲ್ಲ. ಕೈಲ್ ಪೊಳ್ದ್‌ಗೆ ಕೋವಿ ಪೂಜಿಸುವ ಮನೆಗಳಲ್ಲಿ ಈ ಅಂತರ ಎಲ್ಲರಿಗೂ ಗೊತ್ತಿರಬೇಕು.