ಬೀಜದಿಂದ ಲಿಲಿ

ಹೂವಿನ ಗಿಡ ಬೇಕೆಂದರೆ ನಮ್ಮಲ್ಲಿ ಬಹುಮಂದಿ ಕೇಳುವುದು ಒಂದು ಗೆಡ್ಡೆಯನ್ನೋ ಒಂದು ಕಡ್ಡಿಯನ್ನೋ. ಸೇವಂತಿಗೆಯ ಬುಡದಿಂದ ಒಂದು ಕುಡಿ, ಗುಲಾಬಿಯದೊಂದು ರೆಂಬೆ, ಸುಗಂಧರಾಜದ ನಾಲ್ಕು ಗೆಡ್ಡೆ, ಹೀಗೆ ತೋಟಗಳು ಬೇಲಿಯ ಮೇಲಿಂದಲೇ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುತ್ತವೆ. ಇದು ಸುಲಭದ ದಾರಿ. ಸ್ನೇಹದ ದಾರಿಯೂ ಹೌದು. ಲಿಲಿಯ ವಿಷಯದಲ್ಲಿಯೂ ಇದೇ ರೂಢಿ. ಬೀಜ ಬಿತ್ತಿ ಲಿಲಿಯನ್ನು ಬೆಳೆಯಬಹುದೆಂದರೆ ಕೆಲವರು ನಗುತ್ತಾರೆ. ಅಷ್ಟು ಕಾಲ ಕಾಯುವವರು ಯಾರು ಎನ್ನುತ್ತಾರೆ. ಕಾಯಬೇಕಾದ ಕಾಲ ಅವರು ಎಣಿಸಿದಷ್ಟು ದೀರ್ಘವಲ್ಲವೆಂಬುದನ್ನೂ, ಕಾದವರಿಗೆ ದೊರೆಯುವ ಫಲ ಗೆಡ್ಡೆ ನೆಟ್ಟವರಿಗೆ ದೊರೆಯದೆಂಬುದನ್ನೂ ವಿವರಿಸುವುದು ಈ ಭಾಷಣದ ಉದ್ದೇಶ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷ್ ಕಾವ್ಯವನ್ನು ಕನ್ನಡಕ್ಕೆ ತರುವವರಿಗೆ 'ಲಿಲಿ' ಎಂಬ ಶಬ್ದ ಸದಾ ಕಾಟ ಕೊಡುತ್ತದೆ. ನೈದಿಲೆ ಎಂದರೆ ಅದು ನೀರಿನ ಹೂವಾಯಿತು. ಕಮಲವೆಂದರೆ ಮತ್ತೂ ದೂರ ಹೋಯಿತು. ಮೊದಲ ಮಳೆ ಬಿದ್ದ ನಾಲ್ಕಾರು ದಿನಗಳಲ್ಲಿ ಅಂಗಳದ ಅಂಚಿನಲ್ಲಿ ಅರಳುವ ಮಳೆ ಲಿಲಿ ಸಸ್ಯಶಾಸ್ತ್ರದ ಪ್ರಕಾರ ಬೇರೊಂದು ಕುಟುಂಬದ್ದು. ಬೇಲಿಯಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವನ್ನು ಇಂಗ್ಲಿಷರು ಲಿಲಿ ಎಂದೇ ಕರೆದರೂ ಅದೂ ನೆಂಟತನದಲ್ಲಿ ದೂರದ್ದೇ. ನಿಜವಾದ ಲಿಲಿಗಳೆಂದರೆ ಲಿಲಿಯಮ್ ಎಂಬ ಒಂದು ಜಾತಿಗೆ ಸೇರಿದ ಸುಮಾರು 100 ಪ್ರಭೇದಗಳು. ಇವೆಲ್ಲವೂ ಭೂಗೋಳದ ಉತ್ತರಾರ್ಧದ ಸಸ್ಯಗಳು. ಪಂಪನ ಬನವಾಸಿಯಲ್ಲಿ ಅರಳಿದ ಮಲ್ಲಿಗೆಯುಂಟು, ಲಿಲಿಯಿಲ್ಲ. ಆ ಹೂವಿಗೆ ಕನ್ನಡದಲ್ಲಿ ಸ್ವಂತ ಹೆಸರಿಲ್ಲದಿರುವುದು ಆಶ್ಚರ್ಯವೇನಲ್ಲ.

ಹಾಗೆಂದು ಲಿಲಿ ನಮ್ಮ ಸೀಮೆಗೆ ತೀರ ಪರಕೀಯವೂ ಅಲ್ಲ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಹುಲ್ಲುಗಾವಲಿನ ಇಳಿಜಾರುಗಳಲ್ಲಿ ಉದ್ದನೆಯ ಬಿಳಿಯ ಕಹಳೆಯಂಥ ಹೂ ಬಿಡುವ ಒಂದು ಲಿಲಿ ಇದೆ. 19ನೆಯ ಶತಮಾನದ ನಡುವಿನಲ್ಲಿ ದಕ್ಷಿಣ ಭಾರತದ ಸಸ್ಯಗಳನ್ನು ಚಿತ್ರಸಹಿತ ವರ್ಣಿಸಿದ ರಾಬರ್ಟ್ ವೈಟ್ ಅದಕ್ಕೆ ನೀಲಗಿರಿಯ ಹೆಸರನ್ನೇ ಕೊಟ್ಟನು. ಲೋಕದ ಲಿಲಿಗಳಲ್ಲೆಲ್ಲ ಭೂಮಧ್ಯರೇಖೆಗೆ ಅತ್ಯಂತ ಸಮೀಪದವರೆಗೆ ಇಳಿದುಬಂದಿರುವುದು ಇದೇ. ನಮ್ಮ ನೆರೆಯ ಬೆಟ್ಟದ ಈ ಹೂವನ್ನು ಕಂಡವರು ಅದರ ಗೆಡ್ಡೆಯನ್ನು ಕೀಳುವ ಆಸೆಯನ್ನು ತಡೆದುಕೊಳ್ಳಬೇಕು. ಕಾಡಿನ ಒಂದು ಗೆಡ್ಡೆಯನ್ನು ಕಿತ್ತರೆ ಒಂದು ಗಿಡ ಹೋದಂತೆ ಮಾತ್ರವಲ್ಲ, ಅದು ಮುಂದೆ ವರ್ಷವರ್ಷವೂ ಉದುರಿಸಬೇಕಾಗಿದ್ದ ನೂರಾರು ಬೀಜಗಳೂ ಹೋದಂತೆ.

ಮನೆಯ ತೋಟದಲ್ಲಿ ಬೀಜದಿಂದ ಬೆಳೆಯಲು ನಾನು ಸೂಚಿಸುವುದು ಫಾರ್ಮೋಸಾ ಲಿಲಿಯನ್ನು. ಇದರ ತವರು ತೈವಾನ್ ದ್ವೀಪ. ಅಲ್ಲಿ ಇದು ಕಡಲ ದಂಡೆಯಿಂದ ಹಿಡಿದು ಸುಮಾರು 3,500 ಮೀಟರ್ ಎತ್ತರದ ಬೆಟ್ಟಗಳವರೆಗೂ ತಾನಾಗಿ ಬೆಳೆಯುತ್ತದೆ. ಅಲ್ಲಿಯ ರುಕಾಯ್ ಎಂಬ ಮೂಲನಿವಾಸಿ ಜನರಲ್ಲಿ ಈ ಹೂವನ್ನು ತಲೆಯಲ್ಲಿ ಮುಡಿಯುವುದು ಒಂದು ಗೌರವ. ಗಂಡಸಾದವನು ಬೇಟೆಯಲ್ಲಿ ಯೋಗ್ಯತೆ ತೋರಿಸಿ ಆ ಹಕ್ಕನ್ನು ಪಡೆಯಬೇಕಾಗಿತ್ತು. 1990ರ ಮಾರ್ಚ್‌ನಲ್ಲಿ ಪ್ರಜಾಪ್ರಭುತ್ವಕ್ಕಾಗಿ ತೈಪೆಯಲ್ಲಿ ಧರಣಿ ಕುಳಿತ ವಿದ್ಯಾರ್ಥಿಗಳು ಇದೇ ಕಾಡುಲಿಲಿಯನ್ನು ತಮ್ಮ ಲಾಂಛನವಾಗಿ ಆರಿಸಿಕೊಂಡರು. ಕಡಲಿನ ಉಪ್ಪುಗಾಳಿಗೂ ಬೆಟ್ಟದ ಚಳಿಗೂ ಒಗ್ಗಿದ ಗಿಡ ನಮ್ಮ ಮಲೆನಾಡಿನ ಮತ್ತು ಮೈದಾನದ ಎತ್ತರದ ಊರುಗಳ ಹವೆಗೆ ಹೊಂದಿಕೊಳ್ಳುವುದರಲ್ಲಿ ವಿಶೇಷವೇನಿದೆ? ಇದರ ಇನ್ನೊಂದು ಗುಣ, ಒಂಟಿ ಗಿಡವೂ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಇದರ ಹತ್ತಿರದ ಬಂಧುವಾದ ಈಸ್ಟರ್ ಲಿಲಿಗೆ ಸಾಮಾನ್ಯವಾಗಿ ಈ ಶಕ್ತಿ ಇಲ್ಲ. ಅದಕ್ಕೆ ಬೇರೊಂದು ಗಿಡದ ಪರಾಗ ಬೇಕು.

ಬೀಜ ಕಟ್ಟುವ ಬಗೆಯನ್ನು ನೋಡುವುದೇ ಒಂದು ಪಾಠ. ಅರಳಿದಾಗ ಹೂ ಪಕ್ಕಕ್ಕೆ ಬಾಗಿ ನಿಂತಿರುತ್ತದೆ. ದಳಗಳು ಉದುರಿ ಕಾಯಿ ಬಲಿಯುತ್ತಾ ಹೋದಂತೆ ತೊಟ್ಟು ಮೆಲ್ಲಮೆಲ್ಲನೆ ಮೇಲಕ್ಕೆ ತಿರುಗುತ್ತದೆ. ಕೊನೆಗೆ ಕಾಯಿಗಳು ದೀಪದ ಕಂಬದ ಸೊಡರುಗಳಂತೆ ನೆಟ್ಟಗೆ ನಿಲ್ಲುತ್ತವೆ. ಎರಡು ಮೂರು ತಿಂಗಳಲ್ಲಿ ಅವು ಕಂದುಬಣ್ಣಕ್ಕೆ ತಿರುಗಿ ತುದಿಯಲ್ಲಿ ಮೂರು ಸೀಳಾಗಿ ಬಿರಿಯುತ್ತವೆ. ಕಾಯಿ ಕೆಳಮುಖವಾಗಿದ್ದರೆ ಬೀಜಗಳೆಲ್ಲ ತಾಯಿಯ ಕಾಲ ಬುಡದಲ್ಲಿಯೇ ಸುರಿದುಹೋಗುತ್ತಿದ್ದವು. ನೆಟ್ಟಗಿರುವುದರಿಂದ ಗಾಳಿ ಬಂದು ಅಲುಗಿಸಿದಾಗ ಮಾತ್ರ ಹಿಡಿಹಿಡಿಯಾಗಿ ಹಾರಿ ದೂರ ಹೋಗುತ್ತವೆ. ಒಳಗೆ ಮೂರು ಕೋಣೆಗಳು. ಒಂದೊಂದರಲ್ಲಿಯೂ ನಾಣ್ಯಗಳನ್ನು ಪೇರಿಸಿಟ್ಟಂತೆ ಎರಡೆರಡು ಸಾಲು, ಕಾಗದದಷ್ಟು ತೆಳ್ಳಗಿನ ಬೀಜಗಳು. ಎಲ್ಲವೂ ಗಟ್ಟಿಬೀಜಗಳಲ್ಲ. ಒಂದನ್ನು ಬೆಳಕಿಗೆ ಹಿಡಿದು ನೋಡಬೇಕು: ನಡುವೆ ಸಣ್ಣ ಗೆರೆಯಂತೆ ಭ್ರೂಣ ಕಂಡರೆ ಅದು ಜೀವವಿರುವ ಬೀಜ, ಕಾಣದಿದ್ದರೆ ಜೊಳ್ಳು. ಒಣಗಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ತೇವ ತಾಗದ ಡಬ್ಬಿಯಲ್ಲಿ ಹಾಕಿ ರೆಫ್ರಿಜಿರೇಟರಿನಲ್ಲಿಟ್ಟರೆ ಕೆಲವು ವರ್ಷ ಕೆಡದೆ ಉಳಿಯುತ್ತದೆ.

ಲಿಲಿ ಬೀಜಗಳು ಮೊಳೆಯುವುದರಲ್ಲಿ ಎರಡು ಮುಖ್ಯ ಪಂಗಡಗಳಿವೆ. ಇದನ್ನು ತಿಳಿಯದೆ ಬಿತ್ತಿದವರು ಎಷ್ಟೋ ಸಲ ಜೀವಂತ ಬೀಜಗಳ ಕುಂಡವನ್ನೇ ತಿಪ್ಪೆಗೆ ಸುರಿಯುತ್ತಾರೆ. ಮೊದಲನೆಯ ಪಂಗಡದವು ನೆಲದ ಮೇಲೆ ಮೊಳೆಯುವಂಥವು. ಎರಡರಿಂದ ನಾಲ್ಕು ವಾರದೊಳಗೆ ಹಸುರು ಬೀಜದಳವೊಂದು ಮೊಣಕಾಲಿನಂತೆ ಮಡಿಚಿಕೊಂಡು ಹೊರಬಂದು, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ನೆಟ್ಟಗಾಗುತ್ತದೆ. ಫಾರ್ಮೋಸಾ ಲಿಲಿ ಈ ಪಂಗಡದ್ದು. ಚೀನದ ರೀಗಲ್ ಲಿಲಿಯೂ ಹೀಗೆಯೇ; 1910ರಲ್ಲಿ ಮಿನ್ ನದಿಯ ಕಣಿವೆಯಲ್ಲಿ ಅದರ ಗೆಡ್ಡೆಗಳನ್ನು ಸಂಗ್ರಹಿಸುತ್ತಿದ್ದ ಅರ್ನೆಸ್ಟ್ ಹೆನ್ರಿ ವಿಲ್ಸನ್ ಬಂಡೆಕುಸಿತಕ್ಕೆ ಸಿಕ್ಕಿ ಕಾಲು ಮುರಿದುಕೊಂಡು ಕೊನೆಯವರೆಗೂ ಕುಂಟುತ್ತ ನಡೆಯಬೇಕಾಯಿತು.

ಎರಡನೆಯ ಪಂಗಡದವು ನೆಲದೊಳಗೆ ಮೊಳೆಯುವಂಥವು. ಜಪಾನಿನ ಚಿನ್ನದ ಪಟ್ಟೆಯ ಲಿಲಿ, ಯೂರೋಪಿನ ಮಾರ್ಟಗನ್ ಲಿಲಿ ಮೊದಲಾದುವು ಈ ಬಗೆಯವು. ಬಿತ್ತಿದ ಮೇಲೆ ತಿಂಗಳುಗಟ್ಟಲೆ ಮಣ್ಣಿನ ಮೇಲೆ ಏನೂ ಕಾಣದು. ಆದರೆ ಒಳಗೆ ಬೀಜ ಸುಮ್ಮನಿರುವುದಿಲ್ಲ; ಬೆಚ್ಚನೆಯ ಮೂರು ತಿಂಗಳಲ್ಲಿ ಕಾಳಿನಷ್ಟು ಪುಟ್ಟ ಗೆಡ್ಡೆಯೊಂದನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಅದಕ್ಕೆ ಒಂದು ಚಳಿಗಾಲ ಬೇಕು. ಎರಡು ಮೂರು ತಿಂಗಳ ಚಳಿ ಕಳೆದ ಬಳಿಕವೇ ಮೊದಲ ಎಲೆ ಹೊರಗೆ ಬರುವುದು. ನಮ್ಮ ಊರುಗಳಲ್ಲಿ ಅಂಥ ಚಳಿಯಿಲ್ಲ. ಆದ್ದರಿಂದ ಬೀಜವನ್ನು ತೇವದ ತೆಂಗಿನ ನಾರಿನ ಪುಡಿಯೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ತಿಂಗಳು ಕೋಣೆಯಲ್ಲಿಟ್ಟು, ಗೆಡ್ಡೆಗಳು ಕಂಡ ಮೇಲೆ ರೆಫ್ರಿಜಿರೇಟರಿನ ಕೆಳಗಿನ ಅಂಕಣದಲ್ಲಿ, ಕೊತ್ತಂಬರಿ ಸೊಪ್ಪಿನ ನೆರೆಯಲ್ಲಿ, ಚಳಿಗಾಲವನ್ನು ಕಳೆಯಿಸಬೇಕು. ಇವು ಹೂ ಬಿಡಲು ನಾಲ್ಕೈದು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು. ಹೊಸಬರು ಮೊದಲ ಪಂಗಡದಿಂದಲೇ ಆರಂಭಿಸುವುದು ಲೇಸು.

ಬಿತ್ತುವ ಕ್ರಮ ಸರಳ. ಮಳೆ ಹಿಂದೆಗೆದು ಹವೆ ತಂಪಾಗುವ ಅಕ್ಟೋಬರ್, ನವೆಂಬರ್ ತಿಂಗಳುಗಳು ತಕ್ಕ ಕಾಲ. ಒಂದು ಗೇಣು ಆಳದ ಕುಂಡದ ತೂತಿನ ಮೇಲೆ ಹೆಂಚಿನ ಚೂರುಗಳನ್ನಿಟ್ಟು, ಜರಡಿ ಹಿಡಿದ ಹಳೆಯ ಎಲೆಗೊಬ್ಬರ, ಕೆಮ್ಮಣ್ಣು, ಹೊಳೆಮರಳು ಮೂರನ್ನೂ ಸಮನಾಗಿ ಬೆರೆಸಿ ತುಂಬಬೇಕು. ಹಸಿ ಸಗಣಿಗೊಬ್ಬರ ಕೂಡದು, ಗೆಡ್ಡೆ ಕೊಳೆಯುತ್ತದೆ. ಬೀಜಗಳನ್ನು ವಿರಳವಾಗಿ ಹರಡಿ, ಅರ್ಧ ಸೆಂಟಿಮೀಟರಿಗೆ ಮೀರದಂತೆ ಮಣ್ಣು ಉದುರಿಸಬೇಕು. ಮೇಲಿನಿಂದ ನೀರು ಸುರಿದರೆ ಬೀಜಗಳು ತೇಲಿ ಒಂದು ಮೂಲೆಗೆ ಸೇರುವುದರಿಂದ ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ತೇವ ಏರುವಂತೆ ಮಾಡಬೇಕು. ಮೇಲ್ಮಣ್ಣು ಒದ್ದೆಯಾದೊಡನೆ ತಟ್ಟೆಯನ್ನು ತೆಗೆಯಬೇಕು. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ನೆರಳಾಗುವ ಜಾಗ ಒಳ್ಳೆಯದು.

ಹುಟ್ಟಿದ ಸಸಿ ಈರುಳ್ಳಿಯ ಸಸಿಯಂತೆಯೇ, ಬರಿಯ ಹುಲ್ಲಿನೆಳೆ. ಕಳೆ ಕೀಳುವ ಕೈ ಇಲ್ಲಿ ಎಚ್ಚರವಾಗಿರಬೇಕು. ಮೊದಲ ನಿಜವಾದ ಎಲೆ ಮೂಡುವ ವೇಳೆಗೆ ಬುಡದಲ್ಲಿ ಮೆಣಸಿನ ಕಾಳಿನಷ್ಟು ಗೆಡ್ಡೆ ಕೂಡಿರುತ್ತದೆ. ಆ ಗೆಡ್ಡೆ ಮೇಲೆಯೇ ಉಳಿಯುವುದಿಲ್ಲ; ಅದರ ಬೇರುಗಳು ಸುಕ್ಕುಗಟ್ಟಿ ಕುಗ್ಗುತ್ತ ತನಗೆ ಬೇಕಾದ ಆಳಕ್ಕೆ ಗೆಡ್ಡೆಯನ್ನು ಕೆಳಗೆ ಎಳೆದುಕೊಳ್ಳುತ್ತವೆ. ಈರುಳ್ಳಿಗಿರುವಂತೆ ಲಿಲಿಯ ಗೆಡ್ಡೆಗೆ ಒಣಗಿದ ಹೊರಸಿಪ್ಪೆಯಿಲ್ಲ; ತೆರೆದ ಪದರಗಳು ಬೇಗ ಬಾಡುತ್ತವೆ. ಆದ್ದರಿಂದ ಕಿತ್ತ ಗೆಡ್ಡೆಯನ್ನು ಮೂಲೆಯಲ್ಲಿ ಒಣಗಲು ಬಿಡದೆ ಕೂಡಲೇ ನೆಡಬೇಕು. ನಾಲ್ಕೈದು ಎಲೆಯಾದಾಗ ಸಸಿಗಳನ್ನು ಪಾತಿಗೆ ಸಾಗಿಸಿ, ಬುಡಕ್ಕೆ ತರಗೆಲೆಯ ಹೊದಿಕೆ ಕೊಡಬೇಕು. ತಲೆ ಬಿಸಿಲಿನಲ್ಲಿ, ಕಾಲು ನೆರಳಿನಲ್ಲಿ ಎಂಬುದು ಲಿಲಿಯ ಇಷ್ಟ. ಫಾರ್ಮೋಸಾ ಲಿಲಿ ಬಿತ್ತಿದ ಒಂದು ವರ್ಷದ ಆಸುಪಾಸಿನಲ್ಲಿಯೇ ಮೊದಲ ಹೂ ಬಿಡುವುದುಂಟು.

ಇಷ್ಟೆಲ್ಲ ಶ್ರಮವೇಕೆ, ಗೆಡ್ಡೆಯೇ ಸಾಲದೆ ಎಂಬ ಪ್ರಶ್ನೆಗೆ ಉತ್ತರ ನನ್ನ ಹಿತ್ತಿಲಲ್ಲಿಯೇ ದೊರೆಯಿತು. ನನ್ನ ಹೆಂಡತಿ ನೆಟ್ಟು ಹದಿನಾಲ್ಕು ವರ್ಷ ಸಾಕಿದ ಫಾರ್ಮೋಸಾ ಲಿಲಿಯ ಪಾತಿಯೊಂದಿತ್ತು. ಆಕೆ ತೀರಿಕೊಂಡ ಎರಡನೆಯ ವರ್ಷ ಅದರ ಎಲೆಗಳಲ್ಲಿ ತಿಳಿಹಳದಿಯ ಗೆರೆಗಳು ಕಾಣಿಸಿಕೊಂಡವು, ಮೊಗ್ಗುಗಳು ಸೊಟ್ಟಗಾದವು. ಸಸ್ಯರೋಗಗಳನ್ನು ಬಲ್ಲ ಮಿತ್ರರೊಬ್ಬರು ಬಂದು ನೋಡಿ, ಇದು ಸಸ್ಯಹೇನುಗಳು ಹೊತ್ತು ತರುವ ವೈರಸ್, ಇದಕ್ಕೆ ಔಷಧವಿಲ್ಲ, ಗೆಡ್ಡೆಸಹಿತ ಕಿತ್ತು ಸುಡಬೇಕು ಎಂದರು. ಒಂದೊಂದು ಗೆಡ್ಡೆಯನ್ನು ಬಿಡಿಸಿ ನೆಟ್ಟರೂ ಪ್ರಯೋಜನವಿಲ್ಲ. ತಾಯಿಯ ರೋಗ ಅದರ ಪ್ರತಿ ಮರಿಗೂ ಪ್ರತಿ ಪದರಕ್ಕೂ ಅಂಟಿರುತ್ತದೆ. ನಾನು ಮಾತನಾಡದಿದ್ದುದನ್ನು ಕಂಡು ಅವರೇ ಮುಂದುವರಿಸಿದರು: ಲಿಲಿಗಳನ್ನು ಕಾಡುವ ಮುಖ್ಯ ವೈರಸ್‌ಗಳು ಸಾಮಾನ್ಯವಾಗಿ ಬೀಜಕ್ಕೆ ದಾಟುವುದಿಲ್ಲ, ಒಳ್ಳೆಯ ಕಾಯಿಗಳಿದ್ದರೆ ಬಲಿಯಲು ಬಿಡಿ, ಆಮೇಲೆ ಸುಡಿ. ಆರು ಕಾಯಿಗಳು ಬಲಿತವು. ಪಾತಿಯನ್ನು ಸುಟ್ಟು, ಬೀಜವನ್ನು ಮನೆಯ ಮುಂಭಾಗದಲ್ಲಿ, ಆ ಜಾಗಕ್ಕೆ ದೂರವಾಗಿ ಬಿತ್ತಿದೆ. ಮುಂದಿನ ಸೆಪ್ಟೆಂಬರಿನಲ್ಲಿ ಹನ್ನೊಂದು ಗಿಡಗಳು ಹೂ ಬಿಟ್ಟವು. ಎಲೆಗಳಲ್ಲಿ ಒಂದು ಗೆರೆಯೂ ಇರಲಿಲ್ಲ.

ಗೆಡ್ಡೆಯಿಂದ ಬರುವುದು ಹಳೆಯ ಗಿಡವೇ. ಅದರ ವಯಸ್ಸೂ ಅದರ ವ್ಯಾಧಿಯೂ ಜೊತೆಗೆ ಬರುತ್ತವೆ. ಬೀಜದಿಂದ ಬರುವುದು ವಂಶ. ಅದು ಗುಣವನ್ನು ತರುತ್ತದೆ, ರೋಗವನ್ನು ಹಿಂದೆ ಬಿಡುತ್ತದೆ. ಸಂಕರ ತಳಿಗಳ ಬೀಜದಲ್ಲಿ ಮಾತ್ರ ಮಕ್ಕಳು ತಾಯಿಯನ್ನು ಹೋಲುವರೆಂಬ ಭರವಸೆಯಿಲ್ಲ. ಶುದ್ಧ ಪ್ರಭೇದಗಳಲ್ಲಿ ಆ ಚಿಂತೆ ಬೇಡ.

ಬೀಜ ಬಿತ್ತುವವರಿಗೆ ಕೊನೆಯದಾಗಿ ಎರಡು ಸೂಚನೆಗಳು. ಬೆಕ್ಕು ಸಾಕಿರುವ ಮನೆಯಲ್ಲಿ ನಿಜವಾದ ಲಿಲಿಯನ್ನು ಬೆಳೆಯಬೇಡಿ. ಅದರ ಎಲೆಯಾಗಲಿ, ಮೈಗೆ ಅಂಟಿ ನೆಕ್ಕಿದ ಪರಾಗವಾಗಲಿ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಇನ್ನೊಂದು, ಬೀಜವನ್ನೆಲ್ಲ ಒಂದೇ ವರ್ಷ ಬಿತ್ತಿ ಮುಗಿಸಬೇಡಿ. ಒಂದು ಪಾಲನ್ನು ಬಿತ್ತಿ, ಒಂದು ಪಾಲನ್ನು ಡಬ್ಬಿಯಲ್ಲಿಡಿ, ಉಳಿದದ್ದನ್ನು ಕೇಳಿದವರಿಗೂ ಕೇಳದವರಿಗೂ ಕೊಡಿ. ನಿಮ್ಮ ಪಾತಿಗೆ ಯಾವ ವರ್ಷ ಏನು ಬರುವುದೋ ಹೇಳಲಾಗದು. ನಾಲ್ಕು ಮನೆಗಳಲ್ಲಿ ಬೆಳೆಯುತ್ತಿರುವ ಹೂವಿಗೆ ಮಾತ್ರ ಅಳಿವು ಸುಲಭವಲ್ಲ.