ಅಕ್ಕಿ ಕಾರ್ಡು ಮತ್ತು ತಮ್ಮನ ಎದೆ

ತಮ್ಮನಿಗೆ ಎದೆ ಹಿಡಿದುಕೊಂಡದ್ದು ಕಬ್ಬಿನ ಹಂಗಾಮಿನಲ್ಲಿ, ಕಡಿಯುವ ಗ್ಯಾಂಗು ನಮ್ಮ ತೋಟಕ್ಕೆ ಬರುವ ಹಿಂದಿನ ರಾತ್ರಿ. ಹುನ್ನೂರಿನಿಂದ ಜಮಖಂಡಿಗೆ ನೆರೆಮನೆಯವರ ಗಾಡಿಯಲ್ಲಿ ಒಯ್ದೆವು. ಅಲ್ಲಿ ಇಸಿಜಿ ತೆಗೆದು, ಇಂಜೆಕ್ಷನ್ ಕೊಟ್ಟು, ತಡ ಮಾಡದೆ ದೊಡ್ಡ ದವಾಖಾನೆಗೆ ಹೋಗಿರಿ ಎಂದರು. ಆ ದೊಡ್ಡ ದವಾಖಾನೆ ಮುಟ್ಟಿದಾಗ ನಸುಕಿನ ನಾಲ್ಕು ಗಂಟೆ. ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ: “ಕಾರ್ಡ್ ಯಾವುದೈತ್ರಿ? ಬಿಪಿಎಲ್ಲೋ, ಎಪಿಎಲ್ಲೋ?”

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಊರ ಸೊಸೈಟಿಯಲ್ಲಿ ಕಾರಕೂನನಾಗಿದ್ದವನು ನಾನು. ಬೆಳೆಸಾಲದ ಅರ್ಜಿ, ಉತಾರ, ಪಿಂಚಣಿ, ಯಾರದೇ ಕಾಗದ ಇದ್ದರೂ ಜನ ನನ್ನ ಹತ್ತಿರ ತರುತ್ತಾರೆ. ಬೆನ್ನಿಗೆ ಬಿದ್ದ ತಮ್ಮನ ರೇಶನ್ ಕಾರ್ಡು ಯಾವ ಬಣ್ಣದ್ದೆಂದು ಮಾತ್ರ ನಾನು ನೋಡಿರಲಿಲ್ಲ. ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು: “ಎಪಿಎಲ್ ಐತ್ರಿ ಭಾವಾರ. ಅಕ್ಕಿ ಸಿಗೂದಿಲ್ಲಂತ ಟ್ರಂಕಿನ್ಯಾಗ ಇಟ್ಟಬಿಟ್ಟೇವಿ.”

ಆ ಒಂದು ಮಾತಿನಿಂದ ಎಷ್ಟು ಫರಕು ಬಿತ್ತೆಂಬುದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಶುರುವಾದದ್ದು 2018ರ ಮಾರ್ಚ್ 2ರಂದು. ಅದೇ ವರ್ಷ ಅಕ್ಟೋಬರ್ 30ಕ್ಕೆ ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಅದನ್ನು ಕೂಡಿಸಿದರು. ಅದರಲ್ಲಿ ರೋಗಿಗಳು ಎರಡು ಬಗೆ. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿನವರು ‘ಅರ್ಹತಾ ರೋಗಿ’ಗಳು, ಇವರ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರು ‘ಸಾಮಾನ್ಯ ರೋಗಿ’ಗಳು, ಇವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ನೂರಕ್ಕೆ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಚಿಕಿತ್ಸೆಗೆ ಲಕ್ಷ ರೂಪಾಯಿ ದರ ಗೊತ್ತುಮಾಡಿದ್ದರೆ ಮೂವತ್ತು ಸಾವಿರ ಸರ್ಕಾರದ್ದು, ಎಪ್ಪತ್ತು ಸಾವಿರ ನಿಮ್ಮದು. ರೋಗ ಒಂದೇ, ಮಂಚ ಒಂದೇ. ತಮ್ಮನ ಎದೆಗೆ ಸ್ಟೆಂಟ್ ಹಾಕಿಸಲು ಎರಡು ಎಮ್ಮೆ ಹೋದವು, ಕೈಗಡ ಬೇರೆ ಆಯಿತು.

ಎಮ್ಮೆ ಹೋದ ದುಃಖಕ್ಕಿಂತ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅವನೇನು ಶ್ರೀಮಂತನೇ? ಅವನಿಗೆ ಎಪಿಎಲ್ ಯಾಕೆ ಆಯಿತು?

ಉತ್ತರ ಹೊಲದ ಉತಾರದಲ್ಲಿತ್ತು. ನಾವು ನಾಲ್ವರು ಅಣ್ಣತಮ್ಮಂದಿರು. ಅಪ್ಪ ತೀರಿದ ಮೇಲೆ ವಾರಸಾ ಮಾಡಿಸಿದೆವು, ವಾಟ್ನಿ, ಅಂದರೆ ಹೊಲದ ಹಂಚಿಕೆ, ಮಾಡಿಸಲಿಲ್ಲ. ಬಾಯಿಮಾತಿನಲ್ಲಿ ಬದುವು ಹಾಕಿಕೊಂಡು ಮೂರು ಎಕರೆ ಚಿಲ್ಲರೆ ಒಬ್ಬೊಬ್ಬರು ಉಳುತ್ತಿದ್ದೇವೆ, ಉತಾರದಲ್ಲಿ ಮಾತ್ರ ಹದಿಮೂರು ಎಕರೆಗೆ ನಾಲ್ವರ ಹೆಸರೂ ಜಂಟಿ. ಬಿಪಿಎಲ್‌ಗೆ ಭೂಮಿಯ ಮಿತಿ 3 ಹೆಕ್ಟೇರ್ ಒಣ ಬೇಸಾಯ, ಅಂದರೆ ಹತ್ತಿರ ಹತ್ತಿರ ಏಳೂವರೆ ಎಕರೆ. ನೀರಾವರಿ ಇದ್ದರೆ ಅದಕ್ಕೆ ಸಮನಾದಷ್ಟು, ಎಂದರೆ ಇನ್ನೂ ಕಡಿಮೆ. ಅರ್ಜಿ ನೋಡಿದವರು ಹದಿಮೂರು ಎಕರೆ ಓದಿದರು. ಅವರದೂ ತಪ್ಪಲ್ಲ, ಕಾಗದದಲ್ಲಿ ಇದ್ದದ್ದೇ ಅಷ್ಟು. ಕೃಷ್ಣೆಯ ದಂಡೆಯ ನಮ್ಮ ಕಡೆ ಹೀಗೆ ವಾಟ್ನಿ ಆಗದ ಹೊಲಗಳು ಎಷ್ಟೋ. ಅಣ್ಣತಮ್ಮಂದಿರು ಚೆನ್ನಾಗಿರುವಾಗ ಹಂಚಿಕೆಯ ಮಾತೆತ್ತುವುದು ಜಗಳಕ್ಕೆ ಕರೆದಂತೆ ಎಂಬ ಅಳುಕು ಎಲ್ಲರ ಮನೆಯಲ್ಲೂ ಇದೆ. ಒಗ್ಗಟ್ಟಾಗಿ ಬಾಳಿದ್ದಕ್ಕೇ ದಂಡ ಕಟ್ಟಿದ ಹಾಗಾಯಿತು ನಮ್ಮ ಕಥೆ.

ಇನ್ನು ವರಮಾನ. ಕುಟುಂಬದ ವರ್ಷದ ಆದಾಯ 1 ಲಕ್ಷ 20 ಸಾವಿರ ದಾಟಬಾರದು. ತಿಂಗಳಿಗೆ ಹತ್ತು ಸಾವಿರ. ಒಬ್ಬ ಕೂಲಿಯವನಿಗೆ ದಿನಕ್ಕೆ 400 ರೂಪಾಯಿ ಸಿಕ್ಕು, ವರ್ಷಕ್ಕೆ ಮುನ್ನೂರು ದಿನ ಕೆಲಸ ಸಿಕ್ಕರೆ ಅಷ್ಟಕ್ಕೇ ಲೆಕ್ಕ ಚುಕ್ತಾ. ಹೆಂಡತಿಯೂ ಕಳೆ ತೆಗೆಯಲು ಹೋದರೆ, ಬನಹಟ್ಟಿಯಲ್ಲಿ ಅವಳು ಪವರ್‌ಲೂಮಿಗೆ ಕಂಡಿಕೆ ಸುತ್ತಿಕೊಟ್ಟರೆ, ಕಾನೂನಿನ ಕಣ್ಣಿಗೆ ಆ ಮನೆ ಬಡತನ ದಾಟಿತು. ಈ ಮಿತಿಯನ್ನು ಕಾಲಕ್ಕೆ ತಕ್ಕಂತೆ ಏರಿಸದಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಾಲು, ಎಣ್ಣೆ, ಬಸ್ಸಿನ ಚಾರ್ಜು ಏರುತ್ತಲೇ ಇವೆ. ಬಡವನಾಗಿರಲು ಎಷ್ಟು ದುಡ್ಡು ಸಾಕು ಎಂಬ ಲೆಕ್ಕ ಮಾತ್ರ ನಿಂತಲ್ಲೇ ನಿಂತಿದೆ.

ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು, ಬಿಳಿ ಬೋರ್ಡಿನ ನಾಲ್ಕು ಗಾಲಿಯ ಗಾಡಿ ಇರುವವರು, ಶಹರದಲ್ಲಿ ಸಾವಿರ ಚದರಡಿಗಿಂತ ದೊಡ್ಡ ಸ್ವಂತ ಪಕ್ಕಾ ಮನೆ ಇರುವವರು, ಇವರಿಗೂ ಬಿಪಿಎಲ್ ಇಲ್ಲ. ಇದರಲ್ಲಿ ತೆರಿಗೆಯದೊಂದು ಗೊಂದಲ. ಟೆಂಪೊ ಸಾಲಕ್ಕೆಂದು ಬ್ಯಾಂಕಿನವರ ಮಾತು ಕೇಳಿ ರಿಟರ್ನ್ ತುಂಬಿದ ಹುಡುಗನೊಬ್ಬ ನಮ್ಮ ಓಣಿಯಲ್ಲಿದ್ದಾನೆ. ತೆರಿಗೆ ಒಂದು ರೂಪಾಯಿಯೂ ಕಟ್ಟಿಲ್ಲ. ಆದರೂ ಮನೆಯ ಕಾರ್ಡು ರದ್ದಾಗುವವರ ಯಾದಿಗೆ ಬಂತು. 2024ರ ನವೆಂಬರಿನಲ್ಲಿ ರಾಜ್ಯದ ತುಂಬ ಇದೇ ಗಲಾಟೆ ಆಗಿ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿ ಕೊಡುತ್ತೇವೆಂದು ಸರ್ಕಾರ ಹೇಳಬೇಕಾಯಿತು. ಸಾಲಕ್ಕಾಗಿ ರಿಟರ್ನ್ ತುಂಬುವ ಮುನ್ನ ಒಮ್ಮೆ ವಿಚಾರ ಮಾಡಿರಿ.

ಎಲ್ಲಕ್ಕಿಂತ ಹೆಚ್ಚು ನನ್ನ ಕಟ್ಟೆಗೆ ಬರುವುದು ಸೊಸೆಯಂದಿರ ತಕರಾರು. ಮದುವೆಯಾದ ಮೇಲೆ ತವರಿನ ಕಾರ್ಡಿನಿಂದ ಹೆಸರು ತೆಗೆಸುತ್ತಾರೆ. ಗಂಡನ ಮನೆಯ ಕಾರ್ಡಿಗೆ ಸೇರಿಸಲು ಹೋದರೆ ಸರ್ವರ್ ಇಲ್ಲ, ಇಲ್ಲವೆ ತಿದ್ದುಪಡಿಯ ದಿನ ಮುಗಿದಿರುತ್ತದೆ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿದಾಗ ಕಾರ್ಡು ಒಡೆಯುವ, ಯಜಮಾನಿಯ ಹೆಸರು ಮೇಲಕ್ಕೆ ತರುವ ಅವಸರ ಬೇರೆ. ಆ ಸುಗ್ಗಿಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಅತ್ತ ತವರಿಗೂ ಇಲ್ಲ, ಇತ್ತ ಗಂಡನ ಮನೆಗೂ ಇಲ್ಲ. “ಮಾಮಾ, ನಾ ಈಗ ಯಾರ ಮನಿಯಾಕಿ?” ಎಂದು ನಗುತ್ತಲೇ ಕೇಳಿದಳೊಬ್ಬಳು. ಪಿತ್ತಕೋಶದಲ್ಲಿ ಹರಳು, ಆಪರೇಷನ್ ಆಗಬೇಕು, ಹೆಸರು ಯಾವ ಕಾರ್ಡಿನಲ್ಲೂ ಇಲ್ಲ. ಇಂಥವರಿಗಾಗಿಯೇ ವೈದ್ಯಕೀಯ ತುರ್ತು ಇದೆಯೆಂದು ದಾಖಲೆ ತೋರಿಸಿ ರೇಶನ್ ಕಾರ್ಡಿಗೆ ಅರ್ಜಿ ಹಾಕುವ ದಾರಿಯನ್ನು ಆಹಾರ ಇಲಾಖೆ ಮಾಡಿದೆ. ಅವಳದು ಅದರಿಂದಲೇ ಬಗೆಹರಿಯಿತು. ಡಾಕ್ಟರ ಚೀಟಿ, ಆಧಾರ್ ಹಿಡಿದು ತಹಶೀಲ್ದಾರ ಕಚೇರಿಯ ಆಹಾರ ಶಾಖೆಗೆ ಹೋಗಿ ಕೇಳಬೇಕು.

ಹೆಸರಿದ್ದರೂ ಮಶಿನ್ ಒಪ್ಪುವುದಿಲ್ಲ ಕೆಲವೊಮ್ಮೆ. ನಮ್ಮ ಕಡೆಯ ಹೆಸರುಗಳ ಪಾಡು ದೇವರಿಗೇ ಪ್ರೀತಿ. ಆಧಾರಿನಲ್ಲಿ ಯಲ್ಲವ್ವ, ರೇಶನ್ ಕಾರ್ಡಿನಲ್ಲಿ ಯಲ್ಲಮ್ಮ. ಒಂದರಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಊರವರಿಗೆಲ್ಲ ಒಬ್ಬಳೇ ಯಲ್ಲವ್ವ, ಕಂಪ್ಯೂಟರಿಗೆ ಇಬ್ಬರು. ಕಬ್ಬು ಕಡಿದು, ನೂಲು ಎಳೆದು ಬೆರಳಿನ ಗೆರೆ ಸವೆದವರದು ಇನ್ನೊಂದು ಗೋಳು, ಹೆಬ್ಬೆಟ್ಟು ಎಷ್ಟು ಒತ್ತಿದರೂ ಮೂಡದು. ಅಂಥವರ ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಒಟಿಪಿಯಿಂದ ಕೆಲಸ ಆಗುತ್ತದೆ. ಆ ನಂಬರು ಪುಣೆಗೆ ದುಡಿಯಲು ಹೋದ ಮಗನದಾಗಿದ್ದರೆ ಅವನು ಫೋನ್ ಎತ್ತುವವರೆಗೆ ಕಾಯಬೇಕು, ಅಷ್ಟೆ.

ಇಷ್ಟೆಲ್ಲ ಸರಿಯಿದ್ದವರೂ ಎಡವುವ ಜಾಗ ರೆಫರಲ್ ಚೀಟಿ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಟ್ಟು 1,650 ಚಿಕಿತ್ಸೆಗಳು. ಸರ್ಕಾರಿ ದವಾಖಾನೆಯಲ್ಲಿ ಆಗುವುದನ್ನು ಅಲ್ಲೇ ಮಾಡಿಸಿಕೊಳ್ಳಬೇಕು. ಅಲ್ಲಿ ಆಗದಿದ್ದರೆ ಅವರೇ ಬರೆದುಕೊಟ್ಟ ಚೀಟಿ ಹಿಡಿದು, ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಚೀಟಿ ಇಲ್ಲದೆ ನೇರ ಖಾಸಗಿಗೆ ಹೋಗಬಹುದಾದದ್ದು 171 ತುರ್ತು ಚಿಕಿತ್ಸೆಗಳಿಗೆ ಮಾತ್ರ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ದುಡ್ಡಿನ ಕೌಂಟರಿಗೆ ಹೋಗುವ ಮೊದಲು ಅವರನ್ನು ಹುಡುಕಿರಿ. ನಾವು ಅಂದು ಹುಡುಕಲಿಲ್ಲ. ಮೊದಲು ಅಡ್ವಾನ್ಸ್ ಕಟ್ಟಿದೆವು, ಬೆಳಗಾದ ಮೇಲೆ ಕೇಳಿದೆವು.

ನಮ್ಮ ಭಾಗದವರಿಗೆ ಇನ್ನೊಂದು ಪೇಚು. ದೊಡ್ಡ ರೋಗ ಎಂದರೆ ಅಜ್ಜನ ಕಾಲದಿಂದ ನಮ್ಮ ಕಾಲು ಹೊರಳುವುದು ಮಿರಜಿನ ಕಡೆಗೆ. ವಾನ್ಲೆಸ್ ಎಂಬ ಡಾಕ್ಟರ್ ಸಾಹೇಬರು 1894ರಲ್ಲಿ ಅಲ್ಲಿ ದವಾಖಾನೆ ಕಟ್ಟಿದಾಗಿನಿಂದ ಆ ನಂಬಿಕೆ ಬೆಳೆದಿದೆ. ಆದರೆ ಮಿರಜ್ ಮಹಾರಾಷ್ಟ್ರ, ನಮ್ಮದು ಕರ್ನಾಟಕದ ಕಾರ್ಡು. ಗಡಿ ದಾಟುವ ಮೊದಲು 14555ಕ್ಕೆ ಫೋನ್ ಮಾಡಿ, ನಿಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿರಿ. ರಾಜ್ಯದೊಳಗಿನ ಮಾಹಿತಿಗೆ 104.

ಸೊಸೈಟಿಯವನಾಗಿ, ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆಯಾದ ಯಶಸ್ವಿನಿಯ ಮಾತು ಹೇಳದೆ ಬಿಟ್ಟರೆ ನನ್ನ ಮನಸ್ಸು ಒಪ್ಪದು. 2003ರಲ್ಲಿ ಅದು ಶುರುವಾದಾಗ ತಲೆಗೆ ವರ್ಷಕ್ಕೆ 60 ರೂಪಾಯಿಯಂತೆ ನಾನೇ ವಸೂಲಿ ಮಾಡಿ ಪಾವತಿ ಹರಿದು ಕೊಟ್ಟಿದ್ದೇನೆ. ಅಲ್ಲಿ ಬಡವ, ಬಲ್ಲಿದ ಎಂದು ಯಾರೂ ಕೇಳುತ್ತಿರಲಿಲ್ಲ, ಸಹಕಾರ ಸಂಘದ ಸದಸ್ಯನಾಗಿದ್ದರೆ ಆಯಿತು. 2018ರಲ್ಲಿ ಅದನ್ನು ನಿಲ್ಲಿಸಿದರು. 2022ರ ನವೆಂಬರಿನಲ್ಲಿ ಮತ್ತೆ ನೋಂದಣಿ ಆರಂಭಿಸಿ, 2023ರ ಜನವರಿಯಿಂದ ಚಿಕಿತ್ಸೆ ಕೊಡತೊಡಗಿದರು. ಹೊಸದಾಗಿ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಚಿಕಿತ್ಸೆ 5 ಲಕ್ಷದವರೆಗೆ. ತಮ್ಮನಂಥ ಎಪಿಎಲ್ ರೈತನಿಗೆ ಹೇಳಿಮಾಡಿಸಿದ ಯೋಜನೆ. ಅವನು ನಮ್ಮ ಸೊಸೈಟಿಯ ಸದಸ್ಯನೇ. ಆ ವರ್ಷ ನೋಂದಣಿ ಮಾಡಿಸಿರಲಿಲ್ಲ. “ನನಗೇನ ಆಗೈತಿ ಅಣ್ಣಾ, ಮುಂದಿನ ವರ್ಷ ನೋಡೂಣು” ಎಂದಿದ್ದ. ನಾನೂ ಒತ್ತಾಯ ಮಾಡಲಿಲ್ಲ.

ಅವನು ಮನೆಗೆ ಬಂದ ಮೇಲೆ ನಾಲ್ವರೂ ಕೂತು ಮಾತಾಡಿ, ಹೊಲ ಹಂಚಲು ಬೇಕಾದ 11ಇ ನಕ್ಷೆಗೆ ಅರ್ಜಿ ಹಾಕಿದೆವು. ವಾಟ್ನಿ ಆಯಿತು, ಜಗಳ ಆಗಲಿಲ್ಲ. ಬೇರೆ ಉತಾರ ಬಂದ ಮೇಲೆ ತಮ್ಮ ಬಿಪಿಎಲ್‌ಗೆ ಅರ್ಜಿ ಕೊಟ್ಟಿದ್ದಾನೆ, ಯಶಸ್ವಿನಿಯ ಪಾವತಿಯನ್ನೂ ಹರಿಸಿಕೊಂಡಿದ್ದಾನೆ.

ಓದಿದವರು ಇವತ್ತು ಸಂಜೆ ಒಂದು ಕೆಲಸ ಮಾಡಿರಿ. ಟ್ರಂಕಿನಿಂದ ರೇಶನ್ ಕಾರ್ಡು ಹೊರಗೆ ತೆಗೆದು, ಎಲ್ಲರ ಆಧಾರ್ ಪಕ್ಕಕ್ಕಿಟ್ಟುಕೊಂಡು, ಹೆಸರುಗಳನ್ನು ಗಟ್ಟಿಯಾಗಿ ಓದಿರಿ. ಸೊಸೆಯ ಹೆಸರು ಬಾರದಿದ್ದರೆ ನಾಳೆಯೇ ಗ್ರಾಮ ಒನ್‌ಗೆ ಹೋಗಿ, ತಿದ್ದುಪಡಿ ಯಾವಾಗ ತೆರೆಯುತ್ತದೆಂದು ಕೇಳಿರಿ.